ಬದುವಿನ ಆಚೆಯವರಿಗೆ ಬೆಳೆ ವಿಮೆ ಬಂತು, ಈಚೆಯ ನಮಗೆ ಏಕೆ ಬರಲಿಲ್ಲ?

ಎರೆಹೊಲ
ನಮ್ಮದು ಗದಗ ಜಿಲ್ಲೆಯ ಎರೆಭೂಮಿ. ಮುಂಗಾರಿಗೆ ಹೆಸರು, ಹಿಂಗಾರಿಗೆ ಕಡಲೆ ಬಿತ್ತುವುದು ಮೊದಲಿನಿಂದ ನಡೆದುಬಂದ ಕ್ರಮ. ಕಳೆದ ಮುಂಗಾರಿನಲ್ಲಿ ಹೆಸರು ಕಾಯಿ ಬಲಿತು ಬಿಡಿಸುವ ಹೊತ್ತಿಗೆ ಸರಿಯಾಗಿ ಜಡಿಮಳೆ ಹಿಡಿದುಕೊಂಡು, ಗಿಡದಲ್ಲಿರುವಾಗಲೇ ಕಾಳು ಮೊಳಕೆಯೊಡೆಯಿತು. ಸಿಕ್ಕಷ್ಟು ಕಾಳು ಕಪ್ಪಾಗಿ, ಮಾರುಕಟ್ಟೆಯಲ್ಲಿ ಅರ್ಧ ಬೆಲೆಗೂ ಹೋಗಲಿಲ್ಲ.

ಅಪ್ಪ ಎರಡು ಸರ್ವೆ ನಂಬರುಗಳಿಗೂ ಜುಲೈ ತಿಂಗಳಲ್ಲೇ ಪ್ರಧಾನಮಂತ್ರಿ ಫಸಲ್ ಬಿಮಾ ಯೋಜನೆಯ ವಿಮೆಯ ಕಂತು ಕಟ್ಟಿದ್ದರು. ನಮ್ಮ ಹೊಲದ ಬದು ದಾಟಿದರೆ ಪಕ್ಕದ ಗ್ರಾಮ ಪಂಚಾಯಿತಿ ಆರಂಭವಾಗುತ್ತದೆ. ಅಲ್ಲಿಯೂ ಅದೇ ಮಣ್ಣು, ಅದೇ ಮಳೆ, ಬೀಜ ತಂದದ್ದು ಸಹ ಒಂದೇ ರೈತ ಸಂಪರ್ಕ ಕೇಂದ್ರದಿಂದ. ಅವರ ಖಾತೆಗೆ ಹಣ ಜಮೆಯಾಗಿದೆ, ನಮಗೆ ಒಂದು ರೂಪಾಯಿಯೂ ಬಂದಿಲ್ಲ. ರಾಜ್ಯದ ಬೆಳೆ ವಿಮೆಯ ಸಂರಕ್ಷಣೆ ಜಾಲತಾಣದಲ್ಲಿ ನೋಡಿದರೆ ಒಂದು ಅರ್ಜಿ ಬೆಳೆ ಸಮೀಕ್ಷೆಯೊಂದಿಗೆ ಹೊಂದಾಣಿಕೆಯಾಗಿಲ್ಲವೆಂದು ತಿರಸ್ಕೃತವಾಗಿದೆ. ಇನ್ನೊಂದು ಅಂಗೀಕೃತವಾಗಿದ್ದರೂ ಪರಿಹಾರದ ಮೊತ್ತ ತೋರಿಸುತ್ತಿಲ್ಲ. ಕಚೇರಿಗೆ ಹೋದರೆ ಕಂಪನಿಯವರನ್ನು ಕೇಳಿ ಎನ್ನುತ್ತಾರೆ, ಕಂಪನಿಯ ಪ್ರತಿನಿಧಿ ಇಲಾಖೆಯವರನ್ನು ಕೇಳಿ ಎನ್ನುತ್ತಾರೆ. ಕಂತು ಕಟ್ಟಿಸಿಕೊಳ್ಳುವಾಗ ಇಬ್ಬರೂ ಒಂದೇ ಮೇಜಿನ ಮುಂದೆ ಕುಳಿತಿದ್ದರು. ತಿಳಿದವರು ದಯವಿಟ್ಟು ವಿವರಿಸಿ.

ಬಿಳಿಜೋಳ
ಮಳೆ ಬಂದ 72 ಗಂಟೆಗಳ ಒಳಗೆ ದೂರು ಕೊಟ್ಟಿದ್ದಿರಾ? ಕೊಡದಿದ್ದರೆ ಅಲ್ಲಿಗೆ ಮುಗಿಯಿತು.

ಎರೆಹೊಲ
ಕೊಟ್ಟಿಲ್ಲ. ಇಡೀ ಊರಿನ ಹೆಸರು ಬೆಳೆ ಹಾಳಾದಾಗ ಒಬ್ಬೊಬ್ಬರೂ ದೂರು ಕೊಡಬೇಕೆಂದು ನಮಗೆ ಯಾರೂ ಹೇಳಲಿಲ್ಲ.

ಹಳೆಯ ಅಳತೆಗೋಲು
ಬಿಳಿಜೋಳ ಅವರೇ, ಅವಸರದ ತೀರ್ಪು ಬೇಡ. 72 ಗಂಟೆಗಳ ನಿಯಮ ಎಲ್ಲ ನಷ್ಟಕ್ಕೂ ಅನ್ವಯಿಸುವುದಿಲ್ಲ. ಆಲಿಕಲ್ಲು, ಭೂಕುಸಿತ, ಹೊಲಕ್ಕೆ ನೀರು ನುಗ್ಗಿ ನಿಲ್ಲುವುದು, ಮೇಘಸ್ಫೋಟ, ಸಿಡಿಲಿನಿಂದ ಹತ್ತಿದ ಬೆಂಕಿ, ಇಂಥ ಸ್ಥಳೀಯ ವಿಕೋಪಗಳಲ್ಲಿ ಒಬ್ಬ ರೈತನ ಹೊಲವನ್ನೇ ಪ್ರತ್ಯೇಕವಾಗಿ ನೋಡುತ್ತಾರೆ. ಕೊಯ್ದು ಹೊಲದಲ್ಲಿ ಒಣಗಲು ಹರಡಿದ ಬೆಳೆ 14 ದಿನಗಳ ಒಳಗೆ ಅಕಾಲಿಕ ಮಳೆಗೆ ಸಿಕ್ಕರೂ ಹಾಗೆಯೇ. ದೂರು ಬೇಕಾಗುವುದು ಈ ಎರಡು ಸಂದರ್ಭಗಳಿಗೆ. ಉಳಿದಂತೆ ಬರ, ಅತಿವೃಷ್ಟಿ, ಕೀಟ, ರೋಗಗಳಿಂದ ಇಡೀ ಪ್ರದೇಶದ ಇಳುವರಿ ಕುಸಿದರೆ ಯಾರೂ ಅರ್ಜಿ ಹಾಕಬೇಕಾಗಿಲ್ಲ. ಬೆಳೆ ಕಟಾವು ಪ್ರಯೋಗದ ಲೆಕ್ಕದ ಮೇಲೆ ಹಣ ತಾನಾಗಿ ಬರಬೇಕು.

ನಾನು ಸೇವೆಯಲ್ಲಿದ್ದಾಗ ಹಲವಾರು ವರ್ಷ ಈ ಕಟಾವು ಪ್ರಯೋಗಗಳನ್ನು ಮಾಡಿದವನು. ಮುಖ್ಯ ಬೆಳೆಗಳಿಗೆ ವಿಮಾ ಘಟಕವೆಂದರೆ ಗ್ರಾಮ ಪಂಚಾಯಿತಿ. ಒಂದು ಪಂಚಾಯಿತಿಯಲ್ಲಿ ಒಂದು ಬೆಳೆಗೆ ನಾಲ್ಕು ಪ್ರಯೋಗ. ಯಾವ ಸರ್ವೆ ನಂಬರಿನಲ್ಲಿ ಎಂಬುದನ್ನು ಯಾದೃಚ್ಛಿಕ ಸಂಖ್ಯೆಗಳಿಂದ ಆರಿಸಲಾಗುತ್ತದೆ. ಅಲ್ಲಿ ಗುರುತಿಸಿದ ಚೌಕದಲ್ಲಿ ಬೆಳೆ ಕೊಯ್ದು, ಬಡಿದು, ತೂಗಿ, ಮೊಬೈಲಿನಲ್ಲಿ ಚಿತ್ರ ಸಮೇತ ದಾಖಲಿಸಬೇಕು. ನಾಲ್ಕರ ಸರಾಸರಿಯೇ ಆ ಪಂಚಾಯಿತಿಯ ವಾಸ್ತವ ಇಳುವರಿ.

ಇನ್ನು ಹೋಲಿಸುವುದು ಯಾವುದರೊಂದಿಗೆ? ಹಿಂದಿನ ಏಳು ವರ್ಷಗಳಲ್ಲಿ ಉತ್ತಮವಾದ ಐದರ ಸರಾಸರಿ ತೆಗೆದು, ಅದನ್ನು 70, 80 ಅಥವಾ 90 ಶೇಕಡಾಕ್ಕೆ ಇಳಿಸಿದರೆ ಬರುವುದು ಪ್ರಾರಂಭಿಕ ಇಳುವರಿ. ಉದಾಹರಣೆಗೆ ಸರಾಸರಿ ಹೆಕ್ಟೇರಿಗೆ 500 ಕಿಲೋ ಇದ್ದು, ಮಟ್ಟ ಶೇ. 80 ಎಂದಿಟ್ಟುಕೊಳ್ಳಿ. ಆಗ ಪ್ರಾರಂಭಿಕ ಇಳುವರಿ 400 ಕಿಲೋ. ಈ ವರ್ಷ 300 ಕಿಲೋ ಬಂದರೆ ಕೊರತೆ ಶೇ. 25. ವಿಮಾ ಮೊತ್ತ 33,000 ರೂಪಾಯಿಯಾದರೆ 8,250 ರೂಪಾಯಿ ಸಿಗುತ್ತದೆ. ಅದೇ 405 ಕಿಲೋ ಬಂದರೆ ಏನೂ ಸಿಗುವುದಿಲ್ಲ. ನಿಮ್ಮ ಪಂಚಾಯಿತಿಯೂ ಪಕ್ಕದ ಪಂಚಾಯಿತಿಯೂ ಈ ಗೆರೆಯ ಆಚೆ ಈಚೆ ನಿಂತಿರಬಹುದು. ಬದುವಿಗೂ ವಿಮೆಗೂ ಸಂಬಂಧವಿಲ್ಲ, ಪಂಚಾಯಿತಿಯ ಗಡಿಗೆ ಮಾತ್ರ ಸಂಬಂಧ.

ಎರೆಹೊಲ
ಸರ್, ಹಾಗಾದರೆ ಮೊಳಕೆಯೊಡೆದ ಕಾಳನ್ನೂ ತೂಕಕ್ಕೆ ಹಾಕಿದರೇ?

ಹಳೆಯ ಅಳತೆಗೋಲು
ಹಾಕುತ್ತಾರೆ. ತಕ್ಕಡಿಗೆ ಕಪ್ಪು ಕಾಳು, ಹಸಿರು ಕಾಳು ಎಂಬ ಭೇದವಿಲ್ಲ. ಇದು ಇಳುವರಿಯ ವಿಮೆಯೇ ಹೊರತು ಗುಣಮಟ್ಟದ ಅಥವಾ ಬೆಲೆಯ ವಿಮೆಯಲ್ಲ. ಹೆಸರು, ಉದ್ದು ಬೆಳೆಯುವವರಿಗೆ ಈ ಯೋಜನೆಯಲ್ಲಿ ಆಗುವ ನಿಜವಾದ ಅನ್ಯಾಯ ಇದು ಎಂಬುದು ನನ್ನ ಅಭಿಪ್ರಾಯ, ಏಕೆಂದರೆ ಆ ಬೆಳೆಗಳು ಕಡಿಮೆ ತೂಕದಿಂದ ಕೆಡುವುದಕ್ಕಿಂತ ಕೊಯ್ಲಿನ ಮಳೆಯಿಂದ ಬಣ್ಣಗೆಟ್ಟು ಕೆಡುವುದೇ ಹೆಚ್ಚು.

ಲೆಕ್ಕ ಪಕ್ಕಾ
ಇಷ್ಟೆಲ್ಲ ಸೂತ್ರ ಹೇಳುವ ಅಗತ್ಯವೇನಿದೆ? ಇದು ಕಂಪನಿಗಳಿಗೆ ಹಣ ಸುರಿಯುವ ಯೋಜನೆ. ಕಂತು ವಸೂಲಿ ಮಾಡುವಾಗ ಪ್ರತಿಯೊಬ್ಬ ರೈತನ ಹೆಸರು, ಪಹಣಿ, ಆಧಾರ್ ಎಲ್ಲ ಬೇಕು, ಪರಿಹಾರ ಕೊಡುವಾಗ ಮಾತ್ರ ಇಡೀ ಪಂಚಾಯಿತಿ ಒಬ್ಬನೇ ರೈತ. ಬಿಹಾರ 2018ರಲ್ಲಿ, ಪಶ್ಚಿಮ ಬಂಗಾಳ 2019ರಲ್ಲಿ, ಗುಜರಾತ್ 2020ರಲ್ಲಿ ಸುಮ್ಮನೆ ಹೊರನಡೆದವೇ?

ತೊಗರಿ ಕಣಜ
ಹೊರಹೋದ ಆಂಧ್ರಪ್ರದೇಶ 2022ರಲ್ಲಿ ಮರಳಿ ಬಂದದ್ದನ್ನೂ ಹೇಳಬೇಕಲ್ಲವೇ? ನಾನು ಕಲಬುರಗಿ ಕಡೆಯವನು. ನಮ್ಮಲ್ಲಿ ತೊಗರಿಗೆ ನೆಟೆ ರೋಗ ಬಂದು ಹೊಲಕ್ಕೆ ಹೊಲವೇ ಒಣಗಿ ನಿಂತ ವರ್ಷ, ಸಾಲ ಕೊಡುವವನ ಮುಂದೆ ಕೈಚಾಚದೆ ಮುಂದಿನ ಬಿತ್ತನೆ ಮಾಡಿದ್ದು ವಿಮೆಯ ಹಣದಿಂದಲೇ. ತಡವಾಗಿ ಬಂತು, ಆದರೆ ಬಂತು. ಸಿಗದವರ ಸಿಟ್ಟು ನನಗೆ ಅರ್ಥವಾಗುತ್ತದೆ, ಆದರೆ ಸಿಕ್ಕವರು ವೇದಿಕೆಗೆ ಬಂದು ಬರೆಯುವುದಿಲ್ಲ ಎಂಬುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ.

ಲೆಕ್ಕ ಪಕ್ಕಾ
ಒಪ್ಪಿದೆ, ಆದರೆ ಹಣದ ಲೆಕ್ಕವನ್ನೂ ನೋಡೋಣ. ರೈತ ಕಟ್ಟುವುದು ಮುಂಗಾರಿನ ಆಹಾರ ಧಾನ್ಯ ಮತ್ತು ಎಣ್ಣೆಕಾಳುಗಳಿಗೆ ವಿಮಾ ಮೊತ್ತದ ಶೇ. 2, ಹಿಂಗಾರಿಗೆ ಶೇ. 1.5, ವಾಣಿಜ್ಯ ಮತ್ತು ತೋಟಗಾರಿಕಾ ಬೆಳೆಗಳಿಗೆ ಶೇ. 5. ಕಂಪನಿ ಟೆಂಡರಿನಲ್ಲಿ ಕೇಳಿದ ದರ ಶೇ. 15 ಎಂದುಕೊಳ್ಳಿ. ಮೇಲೆ ಹೇಳಿದ 33,000 ರೂಪಾಯಿಗೆ ಒಟ್ಟು ಪ್ರೀಮಿಯಂ 4,950. ರೈತನ ಪಾಲು 660. ಉಳಿದ 4,290 ರೂಪಾಯಿಯನ್ನು ಕೇಂದ್ರ ಮತ್ತು ರಾಜ್ಯ ಸಮನಾಗಿ ಹಂಚಿಕೊಳ್ಳುತ್ತವೆ. ಅದು ನಮ್ಮ ತೆರಿಗೆಯ ಹಣ. 660 ರೂಪಾಯಿ ಮಾತ್ರ ಹೋಯಿತೆಂದು ಸಮಾಧಾನಪಡುವ ರೈತನಿಗೆ ತನ್ನ ಹೆಸರಿನಲ್ಲಿ ಸುಮಾರು ಐದು ಸಾವಿರ ಹೋಯಿತೆಂಬುದು ಗೊತ್ತಿರುವುದಿಲ್ಲ.

ಮಹಾರಾಷ್ಟ್ರದ ಬೀಡ್ ಜಿಲ್ಲೆಯಲ್ಲಿ ಆರಂಭವಾದ ಮಾದರಿ ಇದಕ್ಕೆ ಒಂದು ಉತ್ತರ ಎಂದು ನನಗೆ ಅನಿಸುತ್ತದೆ. ಅಲ್ಲಿ ಪರಿಹಾರ ಪ್ರೀಮಿಯಂನ ಶೇ. 110 ದಾಟಿದರೆ ಹೆಚ್ಚುವರಿ ಭಾರ ರಾಜ್ಯದ್ದು, ಪರಿಹಾರ ಶೇ. 80ಕ್ಕಿಂತ ಕಡಿಮೆಯಾದರೆ ಕಂಪನಿ ತನ್ನ ಪಾಲಿಗೆ ಶೇ. 20 ಇಟ್ಟುಕೊಂಡು ಉಳಿದದ್ದನ್ನು ಸರ್ಕಾರಕ್ಕೆ ಮರಳಿಸಬೇಕು. ಒಳ್ಳೆಯ ವರ್ಷದಲ್ಲಿ ಉಳಿದ ಹಣ ಎಲ್ಲಿ ಹೋಗುತ್ತದೆ ಎಂಬುದಕ್ಕಾದರೂ ಒಂದು ಉತ್ತರವಿದೆ.

ರಾಗಿ ಕಣ
ಅದೇ ಮಹಾರಾಷ್ಟ್ರ 2023ರಲ್ಲಿ ಒಂದು ರೂಪಾಯಿಗೆ ವಿಮೆ ಕೊಡುತ್ತೇವೆಂದು ಹೇಳಿ 2025ರಲ್ಲಿ ಅದನ್ನು ಕೈಬಿಟ್ಟಿತು. ಕಂತು ಅಗ್ಗವಾದಷ್ಟೂ ಬಿತ್ತದ ಬೆಳೆಗೂ ವಿಮೆ ಮಾಡಿಸುವವರು ಹುಟ್ಟಿಕೊಳ್ಳುತ್ತಾರೆ. ಬೆಳೆ ಸಮೀಕ್ಷೆಯೊಂದಿಗೆ ತಾಳೆ ನೋಡುವ ಕಟ್ಟುನಿಟ್ಟು ಬಂದದ್ದೂ ಅದಕ್ಕಾಗಿಯೇ ಎಂಬುದನ್ನು ಮರೆಯಬಾರದು.

ಊರ ಸಮೀಕ್ಷಕ
ತಿರಸ್ಕೃತವಾದ ಅರ್ಜಿಯ ಬಗ್ಗೆ ಯಾರೂ ಮಾತನಾಡಲಿಲ್ಲವಾದ್ದರಿಂದ ನಾನೇ ಹೇಳುತ್ತೇನೆ. ನಾನು ನಮ್ಮೂರಿನಲ್ಲಿ ಬೆಳೆ ಸಮೀಕ್ಷೆ ಮಾಡುವ ಖಾಸಗಿ ನಿವಾಸಿ. ಇಲಾಖೆಯ ಭಾಷೆಯಲ್ಲಿ ನಮ್ಮ ಹೆಸರು ಪಿ.ಆರ್. ಪ್ರತಿ ಹಂಗಾಮಿನಲ್ಲೂ ಹೊಲ ಹೊಲ ತಿರುಗಿ, ಆ ತಾಕಿನ ಗಡಿಯೊಳಗೆ ನಿಂತು, ಬೆಳೆಯ ಚಿತ್ರ ತೆಗೆದು ಆ್ಯಪಿಗೆ ಏರಿಸುವುದು ನಮ್ಮ ಕೆಲಸ. ಅದೇ ಮಾಹಿತಿ ಪಹಣಿಯ ಬೆಳೆ ಕಾಲಂಗೆ ಹೋಗುತ್ತದೆ, ಬೆಂಬಲ ಬೆಲೆ ಖರೀದಿಗೆ ಹೋಗುತ್ತದೆ, ಬೆಳೆ ಹಾನಿ ಪರಿಹಾರಕ್ಕೂ ವಿಮೆಗೂ ಹೋಗುತ್ತದೆ. ಒಂದು ಚಿತ್ರ ತಪ್ಪಿದರೆ ರೈತನಿಗೆ ನಾಲ್ಕು ಬಾಗಿಲು ಒಟ್ಟಿಗೆ ಮುಚ್ಚುತ್ತವೆ.

ಎರೆಹೊಲ ಅವರ ಸಮಸ್ಯೆ ಏನಿರಬಹುದು ಎಂದು ನಾನು ಊಹಿಸಬಲ್ಲೆ. ಹೆಸರು ಅರವತ್ತೈದು ಎಪ್ಪತ್ತು ದಿನಗಳ ಬೆಳೆ. ಜೂನ್ ಆರಂಭದಲ್ಲಿ ಬಿತ್ತಿದರೆ ಆಗಸ್ಟ್ ಮಧ್ಯದಲ್ಲಿ ಹೊಲ ಖಾಲಿಯಾಗುತ್ತದೆ. ನಮ್ಮ ಸಮೀಕ್ಷೆ ಮಾತ್ರ ಮೆಕ್ಕೆಜೋಳ, ಹತ್ತಿ, ತೊಗರಿ ಎಲ್ಲ ಸೇರಿಸಿಕೊಂಡು ಸೆಪ್ಟೆಂಬರ್‌ವರೆಗೂ ನಡೆಯುತ್ತದೆ. ನೂರಾರು ತಾಕುಗಳನ್ನು ಸುತ್ತುವ ನಾನು ನಿಮ್ಮ ಹೊಲಕ್ಕೆ ಬರುವ ಹೊತ್ತಿಗೆ ಅಲ್ಲಿ ಹರಗಿದ ಎರೆಮಣ್ಣು ಬಿಟ್ಟರೆ ಬೇರೇನೂ ಇರುವುದಿಲ್ಲ. ನಾನು ಹೆಸರು ಎಂದು ಬರೆದರೆ ಚಿತ್ರದಲ್ಲಿ ಹೆಸರಿಲ್ಲ, ಬೀಳು ಎಂದು ಬರೆದರೆ ರೈತನ ಕಥೆ ಮುಗಿಯಿತು. ನಾನೇ ಅಂಥ ಹೊಲಗಳಲ್ಲಿ ನಿಂತು ಏನು ಮಾಡಬೇಕೆಂದು ತಿಳಿಯದೆ ಮೇಲ್ವಿಚಾರಕರಿಗೆ ಫೋನ್ ಮಾಡಿದ್ದೇನೆ. ಅವರಿಂದ ಬಂದ ಉತ್ತರ ಒಂದೇ, ಕಂಡದ್ದನ್ನು ಬರೆಯಿರಿ.

ಮಿಶ್ರ ಬೆಳೆಯಲ್ಲಿ ಇದು ಇನ್ನೂ ಗೋಜಲು. ಹೆಸರಿನ ನಡುವೆ ತೊಗರಿ ಸಾಲು ಹಾಕಿದ್ದರೆ ಆಗಸ್ಟ್ ಕೊನೆಗೆ ತೊಗರಿ ಮಾತ್ರ ಕಾಣುತ್ತದೆ. ಆ್ಯಪಿನಲ್ಲಿ ಮಿಶ್ರ ಬೆಳೆ ದಾಖಲಿಸಲು ಅವಕಾಶವಿದೆ, ಆದರೆ ಕೊಯ್ದುಹೋದ ಬೆಳೆಯ ಚಿತ್ರವನ್ನು ನಾನೆಲ್ಲಿಂದ ತರಲಿ?

ಎರೆಹೊಲ
ನೀವು ಹೇಳಿದ್ದು ಅಕ್ಷರಶಃ ನಿಜವೆಂದು ಕಾಣುತ್ತದೆ. ತಿರಸ್ಕೃತವಾದ ಸರ್ವೆ ನಂಬರಿನಲ್ಲಿ ನಾವು ಮೊದಲು ಬಿತ್ತಿದ್ದೆವು, ಮೊದಲೇ ಬಿಡಿಸಿದೆವು. ಎರಡನೆಯದು ಎರಡು ವಾರ ತಡ. ಚೆನ್ನಾಗಿ ಹದ ನೋಡಿ ಬೇಗ ಬಿತ್ತಿದ್ದೇ ತಪ್ಪಾಯಿತೇ?

ಊರ ಸಮೀಕ್ಷಕ
ಬಿತ್ತಿದ್ದು ತಪ್ಪಲ್ಲ, ಬಿತ್ತಿದ ಮೇಲೆ ಚಿತ್ರ ತೆಗೆಯದಿದ್ದದ್ದು ತಪ್ಪು. 2020ರಿಂದ ರೈತರೇ ತಮ್ಮ ಬೆಳೆಯನ್ನು ದಾಖಲಿಸುವ ಆ್ಯಪ್ ಇದೆ. ಬೆಳೆ ಹೊಲದಲ್ಲಿರುವಾಗ ಹತ್ತು ನಿಮಿಷದ ಕೆಲಸ. ಆದರೆ ನಮ್ಮೂರಿನಲ್ಲಿ ಅದನ್ನು ಬಳಸುವವರನ್ನು ಬೆರಳೆಣಿಕೆಯಲ್ಲಿ ಎಣಿಸಬಹುದು.

ಕೂರಿಗೆ
ಹತ್ತು ನಿಮಿಷವೆಂದು ನೀವು ಸುಲಭವಾಗಿ ಹೇಳಿದಿರಿ. ಎಪ್ಪತ್ತು ವರ್ಷದ ನನ್ನ ಮಾವನಿಗೆ ಒಟಿಪಿ ಎಂದರೇನೆಂದು ತಿಳಿಸಲು ಒಂದು ಹಂಗಾಮು ಬೇಕು. ಅವರ ಮೊಬೈಲಿಗೆ ಹೊಲದಲ್ಲಿ ಸಿಗ್ನಲ್ ಸಿಗಬೇಕಾದರೆ ಬೇವಿನ ಮರ ಹತ್ತಬೇಕು.

ಊರ ಸಮೀಕ್ಷಕ
ಸಿಗ್ನಲ್ ಇಲ್ಲದಿದ್ದರೆ ಚಿತ್ರ ತೆಗೆದು ಉಳಿಸಿಕೊಂಡು, ಊರಿಗೆ ಬಂದು ಕಳುಹಿಸಬಹುದು. ನಾವೂ ಹಾಗೆಯೇ ಮಾಡುತ್ತೇವೆ. ಮಾವನ ವಿಷಯಕ್ಕೆ ನನ್ನ ಬಳಿ ಉತ್ತರವಿಲ್ಲ, ಮನೆಯ ಹುಡುಗರು ಮಾಡಿಕೊಡಬೇಕು.

ಕೂರಿಗೆ
ಹುಡುಗರು ಬೆಂಗಳೂರಿನಲ್ಲಿದ್ದಾರೆ. ಅದಿರಲಿ, ನನ್ನದು ಇನ್ನೊಂದು ಪ್ರಶ್ನೆ. ನನ್ನ ಸ್ವಂತ ಭೂಮಿ ಎರಡು ಎಕರೆ, ಪಾಲಿಗೆ ಮಾಡುವುದು ಆರು ಎಕರೆ. ಬೀಜ, ಗೊಬ್ಬರ, ಆಳು ಎಲ್ಲ ನನ್ನದು. ಹೊಲದ ಒಡೆಯರು ಪಟ್ಟಣದಲ್ಲಿದ್ದಾರೆ, ಪಹಣಿ ಅವರ ಹೆಸರಿನಲ್ಲಿದೆ. ಒಂದು ವರ್ಷ ನಾನೇ ಕಂತಿನ ಹಣ ಕೊಟ್ಟು ಅವರ ಹೆಸರಿನಲ್ಲಿ ವಿಮೆ ಮಾಡಿಸಿದೆ. ಪರಿಹಾರ ಬಂದದ್ದು ಅವರ ಖಾತೆಗೆ. ಅರ್ಧ ಕೊಟ್ಟರು, ಕೊಡದಿದ್ದರೂ ಕೇಳುವ ಹಕ್ಕು ನನಗಿರಲಿಲ್ಲ. ಯೋಜನೆಯ ಕರಪತ್ರದಲ್ಲಿ ಗೇಣಿದಾರರೂ ಅರ್ಹರು ಎಂದು ಬರೆದಿರುತ್ತಾರಲ್ಲ, ಅದು ಯಾರಿಗಾಗಿ?

ಹಳೆಯ ಅಳತೆಗೋಲು
ಈ ಪ್ರಶ್ನೆಯಲ್ಲಿ ಎರಡು ಕಾನೂನುಗಳು ಎದುರುಬದುರಾಗಿ ನಿಂತಿವೆ. ಕೇಂದ್ರದ ಮಾರ್ಗಸೂಚಿಯ ಪ್ರಕಾರ ಗೇಣಿದಾರರು, ಪಾಲುದಾರರು ವಿಮೆಗೆ ಅರ್ಹರು, ಅದಕ್ಕೆ ಒಪ್ಪಂದದ ದಾಖಲೆ ತೋರಿಸಬೇಕು. ಆದರೆ ಕರ್ನಾಟಕ ಭೂಸುಧಾರಣಾ ಕಾಯಿದೆಗೆ ತಂದ ತಿದ್ದುಪಡಿಯ ನಂತರ, 1974ರ ಮಾರ್ಚ್ 1ರಿಂದ, ಸೈನಿಕರಂಥ ಕೆಲವು ವರ್ಗಗಳನ್ನು ಬಿಟ್ಟರೆ ಕೃಷಿ ಭೂಮಿಯನ್ನು ಗೇಣಿಗೆ ಕೊಡುವುದೇ ನಿಷಿದ್ಧ. ಹಾಗಿರುವಾಗ ಯಾವ ಒಡೆಯ ಕಾಗದದ ಮೇಲೆ ಸಹಿ ಹಾಕುತ್ತಾನೆ? ಉಳುವವನಿಗೆ ಭೂಮಿ ಸಿಗಲೆಂದು ಮಾಡಿದ ಕಾಯಿದೆಯ ನೆರಳಿನಲ್ಲಿ, ಈಗ ಪಾಲಿಗೆ ಉಳುವವನು ಯಾವ ದಾಖಲೆಯಲ್ಲೂ ಕಾಣದಂತಾಗಿದ್ದಾನೆ. ಬಾಯಿಮಾತಿನ ಪಾಲು ಊರೂರಿನಲ್ಲಿ ನಡೆಯುತ್ತಿದೆ ಎಂಬುದು ಎಲ್ಲರಿಗೂ ಗೊತ್ತು, ಕಚೇರಿಗೆ ಮಾತ್ರ ಗೊತ್ತಿಲ್ಲ.

ರಾಗಿ ಕಣ
ಪಾಲಿನವರ ಮಾತು ಬಿಡಿ, ಸ್ವಂತ ಭೂಮಿಯಿದ್ದವರದ್ದೂ ಅದೇ ಗತಿ. ನಮ್ಮ ಪಹಣಿ ಇನ್ನೂ ಅಜ್ಜನ ಹೆಸರಿನಲ್ಲಿದೆ. ಅಜ್ಜ ತೀರಿಕೊಂಡು ಹದಿನೆಂಟು ವರ್ಷವಾಯಿತು. ದೊಡ್ಡಪ್ಪ, ಚಿಕ್ಕಪ್ಪ, ಅತ್ತೆಯರು ಎಲ್ಲರೂ ಒಟ್ಟಿಗೆ ಒಪ್ಪಿ ವಂಶವೃಕ್ಷಕ್ಕೆ ಸಹಿ ಹಾಕದೆ ಪೌತಿ ಖಾತೆ, ಅಂದರೆ ತೀರಿಕೊಂಡವರ ಭೂಮಿ ವಾರಸುದಾರರ ಹೆಸರಿಗೆ ಆಗುವುದಿಲ್ಲ, ಪೌತಿ ಖಾತೆಯಾಗದೆ ರೈತರ ನೋಂದಣಿಯ ಫ್ರೂಟ್ಸ್ ಗುರುತಿನ ಸಂಖ್ಯೆಗೆ ಆ ಸರ್ವೆ ನಂಬರು ಸೇರುವುದಿಲ್ಲ, ಅದು ಸೇರದೆ ವಿಮೆಯಿಲ್ಲ. ಅತ್ತೆಯೊಬ್ಬರು ಸಹಿ ಹಾಕಲು ಏನು ಕೇಳಿದರೆಂದು ಇಲ್ಲಿ ಬರೆಯುವುದು ಸರಿಯಲ್ಲ.

ಬಿಳಿಜೋಳ
ಸಾಲ ತೆಗೆದವರಿಗಾದರೂ ಬ್ಯಾಂಕಿನವರೇ ಕಂತು ಕಡಿದುಕೊಂಡು ವಿಮೆ ಮಾಡಿಸಿಬಿಡುತ್ತಾರೆ. ಅದು ಕಡ್ಡಾಯವಲ್ಲವೇ?

ತೊಗರಿ ಕಣಜ
2020ರ ಮುಂಗಾರಿನಿಂದ ಕಡ್ಡಾಯವಲ್ಲ. ಬೇಡವೆನ್ನುವ ಸಾಲಗಾರ ರೈತರು ಕೊನೆಯ ದಿನಾಂಕಕ್ಕೆ ಏಳು ದಿನ ಮೊದಲು ಬ್ಯಾಂಕಿಗೆ ಲಿಖಿತವಾಗಿ ತಿಳಿಸಬೇಕು. ತಿಳಿಸದಿದ್ದರೆ ಕಂತು ಕಡಿತವಾಗುತ್ತದೆ. ಅಪಾಯ ಇರುವುದು ಬೇರೆ ಕಡೆ. ಬೆಳೆ ಸಾಲ ತೆಗೆಯುವಾಗ ಯಾವ ಬೆಳೆಯ ಹೆಸರು ಬರೆಸಿದ್ದಿರೋ ಅದಕ್ಕೇ ವಿಮೆ ಆಗುತ್ತದೆ. ಸಾಲ ಹೆಚ್ಚು ಸಿಗಲೆಂದು ಕಬ್ಬು ಬರೆಸಿ, ಹೊಲದಲ್ಲಿ ತೊಗರಿ ಬಿತ್ತಿದರೆ ಸಮೀಕ್ಷೆಯೊಂದಿಗೆ ಹೊಂದಾಣಿಕೆಯಾಗುವುದು ಹೇಗೆ? ಬಿತ್ತುವ ಬೆಳೆ ಬದಲಾದರೆ ಬ್ಯಾಂಕಿಗೆ ಸಮಯದೊಳಗೆ ಹೋಗಿ ಬದಲಾಯಿಸಿಕೊಳ್ಳಿ.

ತೋಟದಮನೆ
ನೀವೆಲ್ಲ ಹೊಲ, ಕಟಾವು, ಸಮೀಕ್ಷೆ ಎನ್ನುತ್ತಿದ್ದೀರಿ. ಶಿರಸಿ ಕಡೆಯ ಅಡಿಕೆ ತೋಟದ ನಮಗೆ ಇದು ಯಾವುದೂ ಇಲ್ಲ. ಅಡಿಕೆ, ಕಾಳುಮೆಣಸಿಗೆ ಇರುವುದು ಹವಾಮಾನ ಆಧಾರಿತ ಬೆಳೆ ವಿಮೆ. ತೋಟಕ್ಕೆ ಯಾರೂ ಬರುವುದಿಲ್ಲ, ಒಂದು ಅಡಿಕೆ ಗೊನೆಯನ್ನೂ ಯಾರೂ ತೂಗುವುದಿಲ್ಲ. ಪಂಚಾಯಿತಿಯಲ್ಲಿ ನಿಲ್ಲಿಸಿದ ಮಳೆಮಾಪಕ ಎಷ್ಟು ಮಳೆ ಬಂತು, ಎಷ್ಟು ದಿನ ಸತತವಾಗಿ ಬಂತು ಎಂದು ಹೇಳುತ್ತದೆಯೋ ಅದೇ ಅಂತಿಮ. ಅಡಿಕೆಗೆ ಹೆಕ್ಟೇರಿಗೆ 1,28,000 ರೂಪಾಯಿ ವಿಮಾ ಮೊತ್ತವಿದ್ದ ವರ್ಷಗಳಲ್ಲಿ ನಾವು ಶೇ. 5ರಂತೆ 6,400 ರೂಪಾಯಿ ಕಟ್ಟಿದ್ದೇವೆ, ಕೊಳೆ ರೋಗ ಬಂದ ವರ್ಷ ಕಟ್ಟಿದ್ದಕ್ಕಿಂತ ಹೆಚ್ಚು ಪಡೆದೂ ಇದ್ದೇವೆ.

ಆದರೆ ಯಂತ್ರ ಕೆಟ್ಟರೆ? ನಮ್ಮ ಪಂಚಾಯಿತಿಯ ಮಾಪಕ ಒಂದು ಮಳೆಗಾಲ ಪೂರ್ತಿ ಸರಿಯಾಗಿ ಅಂಕಿ ಕೊಡಲಿಲ್ಲ. ಘಟ್ಟದ ಬೇರೆ ಮಗ್ಗುಲಿನ ಕೇಂದ್ರವೊಂದರ ಅಂಕಿಯನ್ನು ನಮಗೆ ಅನ್ವಯಿಸಿದರು. ಮಲೆನಾಡಿನಲ್ಲಿ ಒಂದು ಗುಡ್ಡ ದಾಟಿದರೆ ಮಳೆಯ ಲೆಕ್ಕವೇ ಬೇರೆ. ಜುಲೈ ತಿಂಗಳಲ್ಲಿ ನಾವು ಕೊಳೆ ರೋಗ ತಡೆಯುವ ಬೋರ್ಡೋ ದ್ರಾವಣ ಹೊಡೆಯಲು ಎರಡು ದಿನದ ಬಿಡುವಿಗಾಗಿ ಆಕಾಶ ನೋಡುತ್ತ ಕುಳಿತಿದ್ದರೆ, ಕಾಗದದಲ್ಲಿ ನಮ್ಮೂರಿಗೆ ಸಾಧಾರಣ ಮಳೆ. ಎರೆಹೊಲ ಅವರ ಬದುವಿನ ಕಥೆಯೂ ನಮ್ಮ ಗುಡ್ಡದ ಕಥೆಯೂ ಒಂದೇ ಎನಿಸಿತು.

ಹಳೆ ಮೈಸೂರು
ತೋಟದಮನೆ ಅವರ ಮಾತು ಓದಿ ಒಂದು ಸಂಗತಿ ನೆನಪಾಯಿತು. ಮಳೆಯನ್ನೇ ಅಳೆದು ಬೆಳೆ ವಿಮೆ ಕೊಡಬಹುದೆಂಬ ಯೋಚನೆ ಹುಟ್ಟಿದ್ದು ನಮ್ಮ ನೆಲದಲ್ಲೇ. 1920ರಲ್ಲಿ ಮೈಸೂರು ಸಂಸ್ಥಾನದ ಅಧಿಕಾರಿಯಾಗಿದ್ದ ಜೆ.ಎಸ್. ಚಕ್ರವರ್ತಿ ಅವರು ಒಬ್ಬೊಬ್ಬ ರೈತನ ಹೊಲವನ್ನು ಪರೀಕ್ಷಿಸುವುದು ಅಸಾಧ್ಯವೆಂದು ಕಂಡು, ಒಂದು ಪ್ರದೇಶದ ಮಳೆಯ ಕೊರತೆಯನ್ನೇ ಆಧಾರವಾಗಿಟ್ಟುಕೊಂಡ ವಿಮೆಯನ್ನು ಸೂಚಿಸಿದ್ದರು. ಆಗ ಅದು ಜಾರಿಯಾಗಲಿಲ್ಲ. ಬಹಳ ಕಾಲದ ಮೇಲೆ, 1970ರ ದಶಕದಲ್ಲಿ, ವಿ.ಎಂ. ದಾಂಡೇಕರ್ ಅವರು ಪ್ರದೇಶದ ಇಳುವರಿಯನ್ನು ಆಧರಿಸಿದ ವಿಮೆಯ ಪರವಾಗಿ ವಾದಿಸಿದರು. ದೇಶಮಟ್ಟದಲ್ಲಿ 1985ರಲ್ಲಿ ಬಂದ ಯೋಜನೆ, 1999ರ ಹಿಂಗಾರಿನಿಂದ ಬಂದ ಯೋಜನೆ, 2016ರ ಮುಂಗಾರಿನಿಂದ ಬಂದ ಈಗಿನ ಫಸಲ್ ಬಿಮಾ, ಎಲ್ಲವೂ ಅದೇ ದಾರಿಯಲ್ಲಿ ನಡೆದಿವೆ.

ಲೆಕ್ಕ ಪಕ್ಕಾ
ಅಂದರೆ ನೂರು ವರ್ಷದಿಂದ ನಾವು ಸರಾಸರಿಯನ್ನೇ ನಂಬಿಕೊಂಡು ಬಂದಿದ್ದೇವೆ.

ಹಳೆಯ ಅಳತೆಗೋಲು
ಸರಾಸರಿ ಬಿಟ್ಟರೆ ಬೇರೆ ದಾರಿ ಯಾವುದು ಎಂದು ನೀವೇ ಹೇಳಿ. ಒಂದು ತಾಲ್ಲೂಕಿನಲ್ಲಿ ಹತ್ತಾರು ಸಾವಿರ ತಾಕುಗಳಿರುತ್ತವೆ. ಪ್ರತಿಯೊಂದಕ್ಕೂ ನಷ್ಟ ಅಂದಾಜು ಮಾಡಲು ಹೊರಟರೆ ಮೊದಲು ಬೆಳೆಯುವುದು ಅಂದಾಜು ಮಾಡುವವನ ಜೇಬು. ಪಂಚಾಯಿತಿಯ ಸರಾಸರಿಯಲ್ಲಿ ಒಬ್ಬ ರೈತ ಬೇಕೆಂದೇ ಬೆಳೆ ಹಾಳುಮಾಡಿಕೊಂಡು ಲಾಭ ಪಡೆಯಲಾರ, ಒಬ್ಬ ಅಧಿಕಾರಿ ಒಬ್ಬನಿಗೆ ಮಾತ್ರ ಉಪಕಾರ ಮಾಡಲಾರ. ನನ್ನ ಆಕ್ಷೇಪ ಇರುವುದು ಸರಾಸರಿಯ ಮೇಲಲ್ಲ, ಆ ನಾಲ್ಕು ಪ್ರಯೋಗಗಳ ಮೇಲೆ. ಬೆಳಿಗ್ಗೆ ಒಂದು ಪ್ರಯೋಗ, ಮಧ್ಯಾಹ್ನ ಇನ್ನೊಂದು ಊರಿನಲ್ಲಿ ಇನ್ನೊಂದು, ನಡುವೆ ಕಚೇರಿಯ ಸಭೆ ಎಂಬ ಸ್ಥಿತಿಯಲ್ಲಿ ನಾನು ಕೆಲಸ ಮಾಡಿದ್ದೇನೆ. ಕೆಲವೊಮ್ಮೆ ನಾವು ಹೋಗುವಷ್ಟರಲ್ಲಿ ಆಯ್ಕೆಯಾದ ಹೊಲವನ್ನು ರೈತರು ಕೊಯ್ದೇ ಬಿಟ್ಟಿರುತ್ತಿದ್ದರು. ಯಾರಿಗೂ ತಿಳಿಸಿರುತ್ತಿರಲಿಲ್ಲ, ಅವರಿಗೂ ಯಾರೂ ತಿಳಿಸಿರುತ್ತಿರಲಿಲ್ಲ.

ಇನ್ನೊಂದು ಗುಟ್ಟು ಹೇಳುತ್ತೇನೆ. ಬರ ಮೇಲಿಂದ ಮೇಲೆ ಬಂದರೆ ಏಳು ವರ್ಷಗಳಲ್ಲಿ ಕೆಟ್ಟ ಎರಡನ್ನು ತೆಗೆದರೂ ಮೂರನೆಯದು, ನಾಲ್ಕನೆಯದು ಒಳಗೇ ಉಳಿಯುತ್ತವೆ. ಆಗ ಪ್ರಾರಂಭಿಕ ಇಳುವರಿಯೇ ಕುಸಿಯುತ್ತದೆ. ಅಂದರೆ ಹೆಚ್ಚು ನೊಂದ ಪ್ರದೇಶಕ್ಕೆ ಹೆಚ್ಚು ಕೆಳಗಿನ ಗೆರೆ. ಗದಗ, ಕೊಪ್ಪಳ, ಚಿತ್ರದುರ್ಗದಂಥ ಕಡೆ ಇದರ ಏಟು ಗೊತ್ತಾಗುತ್ತದೆ. ಈ ಬಗ್ಗೆ ರೈತ ಸಂಘಟನೆಗಳು ಯಾಕೆ ಗಟ್ಟಿಯಾಗಿ ಕೇಳುವುದಿಲ್ಲವೋ ನನಗೆ ತಿಳಿಯದು. ಬಹುಶಃ ಘೋಷಣೆಗೆ ಒಗ್ಗುವ ವಿಷಯವಲ್ಲ.

ರಾಗಿ ಕಣ
ಉಪಗ್ರಹದಿಂದ ಅಳೆಯುತ್ತಾರೆಂದು ಕೇಳಿದ್ದೇನಲ್ಲ?

ಹಳೆಯ ಅಳತೆಗೋಲು
2023ರ ಮುಂಗಾರಿನಿಂದ ಭತ್ತ ಮತ್ತು ಗೋಧಿಗೆ ಇಳುವರಿಯ ಲೆಕ್ಕದಲ್ಲಿ ತಂತ್ರಜ್ಞಾನ ಆಧಾರಿತ ಅಂದಾಜಿಗೆ ಕನಿಷ್ಠ ಶೇ. 30 ಪಾಲು ಕೊಡುವ ವ್ಯವಸ್ಥೆ ಶುರುವಾಗಿದೆ. ಅರ್ಧ ಎಕರೆಯ ಮಿಶ್ರ ಬೆಳೆಯನ್ನು ಮೋಡ ಮುಸುಕಿದ ಆಗಸ್ಟಿನಲ್ಲಿ ಆಕಾಶದಿಂದ ಗುರುತಿಸುವುದು ಅಷ್ಟು ಸುಲಭವಲ್ಲ. ಸದ್ಯಕ್ಕೆ ಕುಡುಗೋಲು, ತಕ್ಕಡಿಗಳೇ ಗತಿ.

ತೋಟದಮನೆ
ಮಂಗ, ಹಂದಿ, ಆನೆಗಳ ಹಾವಳಿಗೂ ವಿಮೆ ಬರುತ್ತದಂತೆ ಹೌದೇ?

ತೊಗರಿ ಕಣಜ
ಕಾಡುಪ್ರಾಣಿಗಳಿಂದಾಗುವ ಬೆಳೆ ನಷ್ಟವನ್ನು ಸ್ಥಳೀಯ ಅಪಾಯಗಳ ಪಟ್ಟಿಗೆ ಸೇರಿಸುವುದಾಗಿ ಮತ್ತು ಭತ್ತದ ಮುಳುಗಡೆಯನ್ನು ಮರಳಿ ಅದೇ ಪಟ್ಟಿಗೆ ತರುವುದಾಗಿ ಕೇಂದ್ರ ಕೃಷಿ ಸಚಿವಾಲಯ 2025ರ ನವೆಂಬರಿನಲ್ಲಿ ಪ್ರಕಟಿಸಿತು, 2026ರ ಮುಂಗಾರಿನಿಂದ ಜಾರಿ ಎಂದು. ಅಲ್ಲಿಯೂ 72 ಗಂಟೆ, ಅಲ್ಲಿಯೂ ಮೊಬೈಲಿನ ಚಿತ್ರ. ಯಾವ ಪ್ರಾಣಿ, ಯಾವ ಜಿಲ್ಲೆ ಎಂಬುದನ್ನು ರಾಜ್ಯ ಅಧಿಸೂಚಿಸಬೇಕು. ಮಂಗ ಚಿತ್ರಕ್ಕೆ ನಿಲ್ಲುತ್ತದೆಯೋ ಇಲ್ಲವೋ ನೀವೇ ನೋಡಿಕೊಳ್ಳಬೇಕು.

ಬಿಳಿಜೋಳ
ನಮ್ಮೂರಿನಲ್ಲಿ ಅರ್ಧ ಜನಕ್ಕೆ ಬೆಳೆ ಪರಿಹಾರಕ್ಕೂ ಬೆಳೆ ವಿಮೆಗೂ ವ್ಯತ್ಯಾಸ ಗೊತ್ತಿಲ್ಲ. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳ ಪೈಕಿ 223 ಬರಪೀಡಿತವೆಂದು ಘೋಷಣೆಯಾದಾಗ ಖಾತೆಗೆ ಮೊದಲು ಬಂದ ಎರಡು ಸಾವಿರವನ್ನು ವಿಮೆಯ ಹಣವೆಂದು ತಿಳಿದು, ಇಷ್ಟೇನಾ ಎಂದು ಕಂಪನಿಯವರನ್ನು ಬೈದವರನ್ನು ನಾನೇ ಕಂಡಿದ್ದೇನೆ. ಅದು ವಿಪತ್ತು ಪರಿಹಾರ. ಮಳೆಯಾಶ್ರಿತ ಬೆಳೆಗೆ ಹೆಕ್ಟೇರಿಗೆ 8,500, ನೀರಾವರಿಗೆ 17,000, ಬಹುವಾರ್ಷಿಕ ಬೆಳೆಗೆ 22,500 ರೂಪಾಯಿ, ಎರಡು ಹೆಕ್ಟೇರ್ ಮಿತಿಯಲ್ಲಿ ಎಂಬುದು ಆಗಿನ ಮಾನದಂಡ. ಅದಕ್ಕೆ ಕಂತು ಕಟ್ಟಬೇಕಿಲ್ಲ. ವಿಮೆಯ ಹಣ ಬೇರೆ, ಎರಡೂ ಬರಬಹುದು.

ಎರೆಹೊಲ
ಎಲ್ಲರಿಗೂ ವಂದನೆಗಳು. ಈಗ ನಾನು ಮಾಡಬೇಕಾದದ್ದೇನು? ಅಪ್ಪ ಇನ್ನು ಮೇಲೆ ವಿಮೆಯೇ ಬೇಡ ಎನ್ನುತ್ತಿದ್ದಾರೆ.

ಊರ ಸಮೀಕ್ಷಕ
ತಿರಸ್ಕೃತವಾದವರ ಪಟ್ಟಿಯನ್ನು ಪಂಚಾಯಿತಿ ಮತ್ತು ರೈತ ಸಂಪರ್ಕ ಕೇಂದ್ರದಲ್ಲಿ ಹಾಕಿ, ಆಕ್ಷೇಪಣೆಗೆ ಕಾಲಾವಕಾಶ ಕೊಡುತ್ತಾರೆ. ಆ ಅವಧಿ ಇನ್ನೂ ಇದೆಯೇ ಎಂದು ಮೊದಲು ವಿಚಾರಿಸಿ. ಇದ್ದರೆ ಆ ವರ್ಷದ ಪಹಣಿ, ವಿಮೆಯ ರಸೀದಿ, ಹೆಸರು ಮಾರಿದ ಎಪಿಎಂಸಿ ಚೀಟಿ ಇಷ್ಟನ್ನು ಜೊತೆಗಿಟ್ಟು ಬರೆದುಕೊಡಿ, ಸ್ವೀಕೃತಿ ಪಡೆಯದೆ ಹಿಂದಿರುಗಬೇಡಿ. ಬಾಯಿಮಾತಿನಲ್ಲಿ ಹೇಳಿದರೆ ಕಚೇರಿಯಲ್ಲಿ ಅದು ಗಾಳಿಗೆ ಹೋಗುತ್ತದೆ. ಬೆಳೆ ದರ್ಶಕ್ ಆ್ಯಪಿನಲ್ಲಿ ನಿಮ್ಮ ತಾಕಿಗೆ ಏನು ದಾಖಲಾಗಿದೆ, ಯಾವ ಚಿತ್ರವಿದೆ ಎಂಬುದನ್ನೂ ನೋಡಿ.

ತೊಗರಿ ಕಣಜ
ಕೇಂದ್ರದ ಸಹಾಯವಾಣಿ 14447ಕ್ಕೂ ದೂರು ದಾಖಲಿಸಿ, ಸಂಖ್ಯೆ ಬರೆದಿಟ್ಟುಕೊಳ್ಳಿ. ಆಕ್ಷೇಪಣೆ ಒಪ್ಪಿಗೆಯಾದ ಮೇಲೂ ಹಣ ಬರದಿದ್ದರೆ ಆಧಾರ್ ಯಾವ ಬ್ಯಾಂಕ್ ಖಾತೆಗೆ ಜೋಡಣೆಯಾಗಿದೆ ಎಂದು ಪರೀಕ್ಷಿಸಿ. ನಮ್ಮ ಅಣ್ಣನ ಹಣ ಅವನು ಮರೆತೇಬಿಟ್ಟಿದ್ದ ಹಳೆಯ ಖಾತೆಗೆ ಹೋಗಿ ಕುಳಿತಿತ್ತು. ಇತ್ಯರ್ಥದಲ್ಲಿ ಕಂಪನಿ ತಡಮಾಡಿದರೆ ವರ್ಷಕ್ಕೆ ಶೇ. 12ರಂತೆ ಬಡ್ಡಿ ಕೊಡಬೇಕೆಂಬ ನಿಯಮವಿದೆ, ಅದನ್ನೂ ಅರ್ಜಿಯಲ್ಲಿ ಉಲ್ಲೇಖಿಸಿ.

ಹಳೆಯ ಅಳತೆಗೋಲು
ಎರಡನೆಯ ಸರ್ವೆ ನಂಬರಿಗೆ ನಿಮ್ಮ ಪಂಚಾಯಿತಿಯ ನಾಲ್ಕು ಪ್ರಯೋಗಗಳ ಇಳುವರಿಯ ಅಂಕಿಗಳನ್ನು ಮಾಹಿತಿ ಹಕ್ಕಿನಲ್ಲಿ ಕೇಳಿ. ಪಕ್ಕದ ಪಂಚಾಯಿತಿಯದನ್ನೂ ಕೇಳಿ. ಗೆರೆಯಿಂದ ಎಷ್ಟು ಕಿಲೋ ಮೇಲಿದ್ದೀರಿ ಎಂದಾದರೂ ತಿಳಿಯುತ್ತದೆ.

ಎರೆಹೊಲ
ಹನ್ನೆರಡು ದಿನಗಳ ನಂತರ ಬರೆಯುತ್ತಿದ್ದೇನೆ. ಬೆಳೆ ದರ್ಶಕ್‌ನಲ್ಲಿ ನೋಡಿದೆ. ನಮ್ಮ ತಾಕಿನ ಚಿತ್ರದಲ್ಲಿ ಹರಗಿದ ಮಣ್ಣೂ ಇಲ್ಲ. ಪಕ್ಕದ ಹಿಸ್ಸಾದ ಹತ್ತಿ ಸಾಲು ಇದೆ, ಮೂಲೆಯಲ್ಲಿ ಅವರ ಬನ್ನಿ ಮರವೂ ಕಾಣುತ್ತದೆ. ನಾವು ಜನ್ಮದಲ್ಲಿ ಆ ಹೊಲದಲ್ಲಿ ಹತ್ತಿ ಬಿತ್ತಿಲ್ಲ. ಆಕ್ಷೇಪಣೆಯ ಅವಧಿ ಮುಗಿಯಲು ಎರಡು ದಿನವಿತ್ತು, ಎಪಿಎಂಸಿ ಚೀಟಿಯೊಂದಿಗೆ ಕೊಟ್ಟು ಸ್ವೀಕೃತಿ ಪಡೆದಿದ್ದೇನೆ. ಮಾಹಿತಿ ಹಕ್ಕಿನ ಅರ್ಜಿಯನ್ನೂ ಹಾಕಿದ್ದೇನೆ, ಉತ್ತರ ಬಂದಿಲ್ಲ.

ಲೆಕ್ಕ ಪಕ್ಕಾ
ನಿಮ್ಮ ಹೊಲದಲ್ಲಿ ಹತ್ತಿ ಬೆಳೆದುಕೊಟ್ಟದ್ದಕ್ಕೆ ಸಮೀಕ್ಷೆಯವರಿಗೆ ಕೂಲಿ ಕೊಟ್ಟಿರಾ?

ಊರ ಸಮೀಕ್ಷಕ
ನಗಬೇಡಿ. ಹಿಸ್ಸಾ ಒಡೆದು ನಕ್ಷೆ ತಿದ್ದದ, ಅಂದರೆ ಪೋಡಿ ಆಗದ ಸರ್ವೆ ನಂಬರುಗಳಲ್ಲಿ ಮೊಬೈಲು ತೋರಿಸುವ ಗಡಿಯೇ ತಪ್ಪಿರುತ್ತದೆ. ಎರೆಹೊಲ ಅವರೇ, ಪೋಡಿ ಆಗಿದೆಯೇ ನಿಮ್ಮ ಭೂಮಿಗೆ?

ಎರೆಹೊಲ
ಇಲ್ಲ. ಅಪ್ಪ, ಚಿಕ್ಕಪ್ಪ ಬಾಯಿಮಾತಿನಲ್ಲಿ ಹಂಚಿಕೊಂಡದ್ದು.

ಊರ ಸಮೀಕ್ಷಕ
ಹಾಗಾದರೆ ಹಿಂಗಾರಿಗೂ ಇದೇ ಆಗುತ್ತದೆ. ಕಡಲೆ ಹೂವಿಗೆ ಬರುವ ಮೊದಲೇ ನಿಮ್ಮ ಹೊಲದ ನಡುಮಧ್ಯದಲ್ಲಿ ನಿಂತು ನೀವೇ ಆ್ಯಪಿನಲ್ಲಿ ದಾಖಲಿಸಿ, ಬದುವಿನ ಹತ್ತಿರ ನಿಲ್ಲಬೇಡಿ. ನಿಮ್ಮೂರಿನ ಪಿ.ಆರ್. ಬಂದ ದಿನ ಅಪ್ಪನನ್ನು ಹೊಲಕ್ಕೆ ಕಳುಹಿಸಿ, ಎಲ್ಲಿಂದ ಎಲ್ಲಿಯವರೆಗೆ ಎಂದು ಕೈಮಾಡಿ ತೋರಿಸಲಿ.